ಎರಡು ದಿನದ ಪಂಚಕರ್ಮ!

ಮಾನ್ಯರೇ,

ವಾರಾಂತ್ಯದ ಎರಡೇ ದಿನಗಳಲ್ಲಿ ‘ಸಂಪೂರ್ಣ ಪಂಚಕರ್ಮ’ (ಆಯುರ್ವೇದದ ಐದು ಶುದ್ಧಿ ಚಿಕಿತ್ಸೆಗಳು) ಮಾಡುವುದಾಗಿ ಹೇಳುವ ಜಾಹೀರಾತುಗಳು ಜನರ ದಾರಿ ತಪ್ಪಿಸುತ್ತಿವೆ. ಎಣ್ಣೆ ಮಸಾಜ್, ಹಣೆಯ ಮೇಲೆ ಎಣ್ಣೆ ಮುಂತಾದವನ್ನು ಧಾರೆಯಾಗಿ ಸುರಿಸುವ ಶಿರೋಧಾರೆ ಹಿತವೆನಿಸಬಹುದು. ಆದರೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ನಿರೂಹ ಬಸ್ತಿ (ಕಷಾಯದ ಎನಿಮಾ), ಅನುವಾಸನ ಬಸ್ತಿ (ಎಣ್ಣೆಯ ಎನಿಮಾ), ನಸ್ಯ (ಮೂಗಿಗೆ ಔಷಧ ಹಾಕುವುದು) ಎಂಬ ಐದರಲ್ಲಿ ಅವು ಬರುವುದೇ ಇಲ್ಲ.

ವಿರೇಚನವೊಂದನ್ನೇ ನೋಡಿ. ಮೊದಲು ಜೀರ್ಣಶಕ್ತಿ ಸರಿಪಡಿಸಿ, 3ರಿಂದ 7 ದಿನ ಔಷಧೀಯ ತುಪ್ಪವನ್ನು ಪ್ರಮಾಣ ಏರಿಸುತ್ತ ಕುಡಿಸಬೇಕು. ಮಲದಲ್ಲಿ ಜಿಡ್ಡು, ಚರ್ಮದಲ್ಲಿ ನುಣುಪು ಕಂಡ ಮೇಲೆ ತುಪ್ಪ ನಿಲ್ಲಿಸಿ, 3 ದಿನ ಅಭ್ಯಂಗ (ಎಣ್ಣೆ ಮಸಾಜ್) ಮತ್ತು ಸ್ವೇದನ (ಬೆವರಿಸುವುದು). ಆಮೇಲಷ್ಟೇ ಭೇದಿಯ ಔಷಧ. ಈ ಸಿದ್ಧತೆ ಬಿಟ್ಟು ಔಷಧ ಕೊಟ್ಟರೆ ಹೊಟ್ಟೆನುಲಿತ, ನಿತ್ರಾಣ ಕಾಡುತ್ತವೆ. ಭೇದಿ ಅತಿಯಾದರೆ ನಿರ್ಜಲೀಕರಣದ ಅಪಾಯವೂ ಉಂಟು. ಅಂದೇ ಭರ್ತಿ ಊಟ ಬಡಿಸುವುದಂತೂ ಮಾಡಿದ್ದೆಲ್ಲ ಕೆಡಿಸಿದಂತೆ. ಶುದ್ಧಿಯ ಮಟ್ಟ ನೋಡಿ 3, 5 ಅಥವಾ 7 ದಿನಗಳಲ್ಲಿ ತೆಳು ಗಂಜಿ, ಗಟ್ಟಿ ಗಂಜಿ, ಬೇಳೆಕಟ್ಟು ದಾಟಿ ಮಾಮೂಲಿ ಊಟಕ್ಕೆ ಮರಳಬೇಕು.

ವೈದ್ಯರ ನೋಂದಣಿ ಸಂಖ್ಯೆ, ಚಿಕಿತ್ಸೆಯ ದಿನವಾರು ವಿವರ ಹಾಗೂ ಗರ್ಭಿಣಿಯರು, ಹೃದ್ರೋಗಿಗಳು, ತೀರಾ ಅಶಕ್ತರಿಗೆ ಎಚ್ಚರಿಕೆಯನ್ನು ಪ್ರತಿ ಕೇಂದ್ರದ ಮುಂದೆ ಪ್ರಕಟಿಸುವುದನ್ನು ಆಯುಷ್ ಇಲಾಖೆ ಕಡ್ಡಾಯ ಮಾಡಲಿ.