ಅಣ್ಣನ ರಿಪೋರ್ಟಿನ ಎರಡು ಅಂಕಿಗಳು

ಚಿ. ಸುಹಾಸನಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಅಣ್ಣನ ಎರಡೂ ರಿಪೋರ್ಟು ನೋಡಿದೆ. ಲಿವರ್ ಮಾಡುವ ರಕ್ತದ ಪ್ರೋಟೀನು ಆಲ್ಬ್ಯುಮಿನ್ 2.7 ಇದೆ ಅಂತ ಪ್ರೋಟೀನ್ ಪೌಡರಿನ ಡಬ್ಬಿ ತಂದಿದ್ದೀಯ. ಲಿವರ್ ಕ್ಯಾನ್ಸರಿನ ಸುಳಿವಿಗೆ ನೋಡುವ ಎ.ಎಫ್.ಪಿ. (ಆಲ್ಫಾ ಫೀಟೋಪ್ರೋಟೀನ್) 11.5ರಿಂದ 14ಕ್ಕೆ ಏರಿತು ಅಂತ ನಿದ್ದೆಗೆಟ್ಟಿದ್ದೀಯ. ಡಬ್ಬಿ ಬೇಕಿರಲಿಲ್ಲ, ನಿದ್ದೆಯನ್ನೂ ಕೆಡಿಸಿಕೊಳ್ಳಬೇಕಿರಲಿಲ್ಲ.

ಮೊದಲು ಎ.ಎಫ್.ಪಿ. ಹಳೇ ರಿಪೋರ್ಟಿನಲ್ಲಿ ಅಂಕಿಯ ಪಕ್ಕ ಐ.ಯು. (ಅಂತರರಾಷ್ಟ್ರೀಯ ಯೂನಿಟ್) ಅಂತಿದೆ, ಹೊಸದರಲ್ಲಿ ನ್ಯಾನೋಗ್ರಾಂ. ಒಂದು ಐ.ಯು. ಅಂದರೆ ಸುಮಾರು 1.21 ನ್ಯಾನೋಗ್ರಾಂ. 11.5ನ್ನು ಅದರಿಂದ ಗುಣಿಸು, 13.9 ಬರುತ್ತದೆ. ಏರಿಯೇ ಇಲ್ಲ. ಅಳತೆ ಒಂದೇ ಇದ್ದರೂ ಲ್ಯಾಬಿನಿಂದ ಲ್ಯಾಬಿಗೆ ಕಿಟ್ ಬದಲಾದರೆ ಅಂಕಿ ಆಚೀಚೆ ಆಗುತ್ತದೆ, ಆದ್ದರಿಂದ ಇನ್ನು ಮುಂದೆ ಒಂದೇ ಲ್ಯಾಬಿಗೆ ಹೋಗಿ.

ಆಲ್ಫಾ ಫೀಟೋಪ್ರೋಟೀನ್ ಹೊಟ್ಟೆಯೊಳಗಿನ ಕೂಸಿನ ರಕ್ತದ ಪ್ರೋಟೀನು. ಅದೂ ಆಲ್ಬ್ಯುಮಿನ್ನೂ ಒಡಹುಟ್ಟಿದವು; ಎರಡರ ಜೀನ್‌ಗಳೂ 4ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ಹುಟ್ಟಿದ ಮೇಲೆ ಲಿವರ್ ಎ.ಎಫ್.ಪಿ.ಯನ್ನು ಬಹುಮಟ್ಟಿಗೆ ನಿಲ್ಲಿಸಿ, ಆಲ್ಬ್ಯುಮಿನ್ನನ್ನು ಜೀವನಪೂರ್ತಿ ಮಾಡುತ್ತದೆ. ನವಜಾತ ಶಿಶುವಿನಲ್ಲಿ ಹತ್ತಾರು ಸಾವಿರ ನ್ಯಾನೋಗ್ರಾಂ ಇರುವುದು ದೊಡ್ಡವರಲ್ಲಿ 10ರ ಒಳಗೆ ನಿಲ್ಲುತ್ತದೆ. ಲಿವರ್ ಕ್ಯಾನ್ಸರಿನ ಜೀವಕೋಶ ಆ ಹಳೇ ಜೀನನ್ನು ಮತ್ತೆ ತೆರೆಯಬಲ್ಲದು. 1963ರಲ್ಲಿ ಮಾಸ್ಕೋದ ಅಬೆಲೆವ್ ಇದನ್ನು ಇಲಿಗಳಲ್ಲಿ ತೋರಿಸಿದರು, ಮರುವರ್ಷ ತಾತಾರಿನೋವ್ ರೋಗಿಗಳ ರಕ್ತದಲ್ಲಿ ಕಂಡರು. ಆದರೆ ಗಾಯಗೊಂಡ ಲಿವರ್ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವಾಗಲೂ ಇದು ಸ್ವಲ್ಪ ಏರುತ್ತದೆ. ಅಣ್ಣನ ಎ.ಎಲ್.ಟಿ. ಅನ್ನುವ ಲಿವರ್ ಎನ್‌ಜೈಮ್ 86 ಇದೆ, ಅಂದರೆ ಲಿವರಿನಲ್ಲಿ ಉರಿಯೂತ ನಡೆದಿದೆ. ಅಣ್ಣನ ಹಾಗೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇರುವವರಲ್ಲಿ 14 ಅಪರೂಪವಲ್ಲ.

ಹಾಗಂತ ಕೈಬಿಡಬೇಡ. 20 ದಾಟಿದರೆ, ಅಥವಾ 20ರ ಒಳಗೇ ಇದ್ದರೂ ಸಾಲಾಗಿ ಮೇಲೇರುತ್ತಿದ್ದರೆ, ಟ್ರಿಪಲ್ ಫೇಸ್ ಸಿ.ಟಿ. ಅಥವಾ ಕಾಂಟ್ರಾಸ್ಟ್ ಎಂ.ಆರ್.ಐ. ಮಾಡಿಸಬೇಕು; ಎರಡರಲ್ಲೂ ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಚುಚ್ಚುತ್ತಾರೆ. ಬರೀ 'ಹೊಟ್ಟೆಯ ಸಿ.ಟಿ.' ಅಂದರೆ ಸಾಲದು. ಗಡ್ಡೆ ಮೊದಲ ಹಂತದಲ್ಲಿ ಹೊಳೆದು ಆಮೇಲೆ ಮಂಕಾಗುತ್ತದೆಯೇ ಅನ್ನುವುದೇ ಅಲ್ಲಿ ಮುಖ್ಯ, ಅದು ಹಂತಹಂತವಾಗಿ ಚಿತ್ರ ತೆಗೆದರೆ ಮಾತ್ರ ಕಾಣುತ್ತದೆ. ಅಣ್ಣನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೊದಲು ಕಿಡ್ನಿಯ ಟೆಸ್ಟಾದ ಕ್ರಿಯಾಟಿನಿನ್ ನೋಡಿಸು. ಲಿವರ್ ಕ್ಯಾನ್ಸರ್ ಇದ್ದೂ ಎ.ಎಫ್.ಪಿ. ಸರಿಯಾಗೇ ಇರುವ ರೋಗಿಗಳು ಬಹಳ. ಹಾಗಾಗಿ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಲೇಬೇಡ. ಎ.ಎಫ್.ಪಿ. ಅದರ ಜೊತೆಗಿರಲಿ, ಅದರ ಬದಲಿಗಲ್ಲ. ಸ್ಕ್ಯಾನಿನಲ್ಲಿ 1 ಸೆಂ.ಮೀ.ಗಿಂತ ಚಿಕ್ಕ ಗಂಟು ಕಂಡರೆ 3 ತಿಂಗಳಿಗೆ ಮತ್ತೆ ನೋಡುತ್ತಾರೆ, 1 ಸೆಂ.ಮೀ. ಅಥವಾ ಹೆಚ್ಚಿದ್ದರೆ ಕಾಯುವ ಹಾಗಿಲ್ಲ.

ಈಗ ಆಲ್ಬ್ಯುಮಿನ್. ನನಗೆ ಚಿಂತೆ ಇರುವುದು ಇದರ ಮೇಲೆ. ಟೋಟಲ್ ಪ್ರೋಟೀನ್ 7.4 ಸರಿಯಾಗಿದೆ ಅಂತ ನೀನು ಸಮಾಧಾನಪಟ್ಟಿದ್ದೀಯ. ಅದರಲ್ಲಿ 2.7 ಕಳೆದರೆ ಉಳಿದ 4.7 ಗ್ಲೋಬ್ಯುಲಿನ್, ಅಂದರೆ ರಕ್ತದ ಬೇರೆ ಪ್ರೋಟೀನುಗಳು. ಆಲ್ಬ್ಯುಮಿನ್ ಹೆಚ್ಚಿರಬೇಕಾದಲ್ಲಿ ತಿರುವುಮುರುವಾಗಿದೆ. ಮೊತ್ತ ಸರಿ ಕಾಣುವುದು ಈ ಕಾರಣಕ್ಕೆ, ಸಿರೋಸಿಸ್‌ನಲ್ಲಿ ಹೀಗಾಗುವುದು ಸಾಮಾನ್ಯ. ಆರೋಗ್ಯವಂತ ಲಿವರ್ ದಿನಕ್ಕೆ 10ರಿಂದ 15 ಗ್ರಾಂ ಆಲ್ಬ್ಯುಮಿನ್ ಮಾಡುತ್ತದೆ. ರಕ್ತದ ನೀರನ್ನು ನಾಳದೊಳಗೆ ಹಿಡಿದಿಡುವುದು ಬಹುಪಾಲು ಅದೇ. ಅದು ಇಳಿದು, ಜೊತೆಗೆ ಲಿವರಿಗೆ ಹೋಗುವ ರಕ್ತನಾಳದ ಒತ್ತಡ ಏರಿದಾಗ, ಕಾಲು ಬಾವು, ಹೊಟ್ಟೆಯಲ್ಲಿ ನೀರು. ಆಲ್ಬ್ಯುಮಿನ್ನಿನ ಅರ್ಧಾಯುಷ್ಯ (ಇದ್ದದ್ದು ಅರ್ಧಕ್ಕಿಳಿಯುವ ಕಾಲ) ಸುಮಾರು 20 ದಿನ, ಆದ್ದರಿಂದ ವಾರಕ್ಕೊಮ್ಮೆ ಟೆಸ್ಟು ಮಾಡಿಸಿದರೆ ಬರೀ ದುಡ್ಡು ದಂಡ. ಲಿವರಿನ ಈ ವಾರದ ಸ್ಥಿತಿ ಬೇಕಿದ್ದರೆ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐ.ಎನ್.ಆರ್. ಮತ್ತು ಕಾಮಾಲೆಯ ಬಿಲಿರುಬಿನ್ ನೋಡಬೇಕು.

ಒಂದು ಪರೀಕ್ಷೆ ಯಾರೂ ಮಾಡಿಸಿದಂತಿಲ್ಲ. ಮೂತ್ರದ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ. ಸಕ್ಕರೆ ಕಾಯಿಲೆಯವರಲ್ಲಿ ಆಲ್ಬ್ಯುಮಿನ್ ಕಿಡ್ನಿಯಲ್ಲೂ ಸೋರಬಹುದು. ಎಲ್ಲ ತಪ್ಪನ್ನೂ ಲಿವರಿನ ತಲೆಗೆ ಕಟ್ಟುವ ಮೊದಲು ಅದನ್ನು ನೋಡಿಸು. ಕ್ಯಾಲ್ಸಿಯಂ 7.9 ಅಂತ ಮಾತ್ರೆ ಶುರುಮಾಡಿದ್ದಾರಲ್ಲ, ಅದನ್ನೂ ಡಾಕ್ಟರ ಹತ್ತಿರ ಕೇಳು. ರಕ್ತದ ಕ್ಯಾಲ್ಸಿಯಂನ ಒಂದು ಪಾಲು ಆಲ್ಬ್ಯುಮಿನ್ನಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಆಲ್ಬ್ಯುಮಿನ್ 4ಕ್ಕಿಂತ 1 ಕಡಿಮೆಯಾದರೆ ಕ್ಯಾಲ್ಸಿಯಂಗೆ 0.8 ಸೇರಿಸಿ ಓದಬೇಕು. ಇಲ್ಲಿ 1.3 ಕಡಿಮೆ, ಅಂದರೆ 8.9 ಆಯಿತು, ಸರಿಯಾಗೇ ಇದೆ. ಅನುಮಾನ ಇದ್ದರೆ ಅಂಟಿಕೊಳ್ಳದೆ ಬಿಡಿಯಾಗಿರುವ ಪಾಲನ್ನು ಅಳೆಯುವ ಅಯಾನೈಸ್ಡ್ ಕ್ಯಾಲ್ಸಿಯಂ ಮಾಡಿಸಲಿ.

ಊಟದ ವಿಷಯ. ಪ್ರೋಟೀನ್ ತಿಂದ ಮಾತ್ರಕ್ಕೆ ಸೋತ ಲಿವರ್ ಆಲ್ಬ್ಯುಮಿನ್ ಹೆಚ್ಚು ಮಾಡುವುದಿಲ್ಲ, ಆದರೆ ತಿನ್ನದಿದ್ದರೆ ಮೈಯ ಮಾಂಸಖಂಡ ಕರಗುತ್ತದೆ. 'ಲಿವರ್ ಕಾಯಿಲೆಗೆ ಬೇಳೆ ಬೇಡ' ಅನ್ನುವ ಪಥ್ಯ ಬಿಡಿಸು. ಮೈಯಲ್ಲಿ ತುಂಬಿದ ನೀರು ಬಿಟ್ಟು 60 ಕೆ.ಜಿ. ತೂಕ ಅಂತ ಇಟ್ಟುಕೊಂಡರೆ ದಿನಕ್ಕೆ 72ರಿಂದ 90 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 200 ಎಂ.ಎಲ್. ಹಾಲಿನಲ್ಲಿ ಅಷ್ಟೇ, 30 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 7. ಮನೆಯ ಊಟದಲ್ಲೇ ಹೊಂದಿಸಬಹುದು. ಕಡಲೆಕಾಯಿ ಕೊಡು, ಆದರೆ ಬೂಷ್ಟು ಹಿಡಿದಿದ್ದರೆ ಬಿಸಾಡು. ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ಅನ್ನುವ ವಿಷ ಲಿವರ್ ಕ್ಯಾನ್ಸರ್ ತರುವಂಥದು. ಏಕಾದಶಿ, ಸಂಕಷ್ಟಿ ಉಪವಾಸ ಪೂರ್ತಿ ನಿಲ್ಲಬೇಕು. ಅತ್ತಿಗೆಗೆ ಬೇಜಾರಾಗುತ್ತದೆ, ನಾನೇ ಹೇಳುತ್ತೇನೆ. ಈ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ರಾತ್ರಿ ಬೆಳಗಾಗುವುದರೊಳಗೆ ಮೈ ಮಾಂಸಖಂಡವನ್ನು ಒಡೆಯತೊಡಗುತ್ತದೆ. ಮಲಗುವ ಮುಂಚೆ ಹಾಲು ಹಾಕಿದ ರಾಗಿ ಗಂಜಿ, ಬೆಲ್ಲ ಬೇಡ.

ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಂದ್. ಅಂಗಡಿಯ 'ಲೋ ಸೋಡಿಯಂ' ಉಪ್ಪನ್ನು ಮಾತ್ರ ತರಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಅಣ್ಣ ತೆಗೆದುಕೊಳ್ಳುವ ನೀರಿಳಿಸುವ ಮಾತ್ರೆ ಸ್ಪಿರೊನೊಲ್ಯಾಕ್ಟೋನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ, ಎರಡೂ ಸೇರಿದರೆ ಹೃದಯದ ಬಡಿತಕ್ಕೇ ಅಪಾಯ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಕಿಡ್ನಿ ಕೈಕೊಡುತ್ತದೆ. ಪ್ರತಿದಿನ ಬೆಳಗ್ಗೆ ಮೂತ್ರ ಮಾಡಿದ ಮೇಲೆ ತೂಕ ಬರೆದಿಡು. ಕಾಲು ಬಾವು ಇರುವವರೆಗೆ ದಿನಕ್ಕೆ 1 ಕೆ.ಜಿ. ತನಕ ಇಳಿಯಬಹುದು, ಬಾವು ಹೋದ ಮೇಲೆ ಅರ್ಧ ಕೆ.ಜಿ.ಗಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ಫೋನ್ ಮಾಡು. ಜ್ವರ, ಹೊಟ್ಟೆನೋವು, ಕಪ್ಪು ಮಲ, ಮಾತಿನಲ್ಲಿ ಗೊಂದಲ ಕಂಡರೆ ಅವತ್ತೇ ಆಸ್ಪತ್ರೆ.

ಆಲ್ಬ್ಯುಮಿನ್ ಬಾಟಲಿ ಏರಿಸಿಬಿಡೋಣವೇ ಅಂತ ಕೇಳಿದ್ದೀಯ. ಬರೀ ಅಂಕಿ ಏರಿಸಲು ಬೇಡ. ಹೊಟ್ಟೆಯಿಂದ ಒಂದೇ ಸಲ 5 ಲೀಟರಿಗಿಂತ ಹೆಚ್ಚು ನೀರು ತೆಗೆದಾಗ ಬೇಕೇ ಬೇಕು, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ, ಶೇ. 20ರ 100 ಎಂ.ಎಲ್. ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ. ಹೊಟ್ಟೆಯ ನೀರಿಗೆ ಸೋಂಕು ತಗುಲಿದಾಗಲೂ ಕೊಡುತ್ತಾರೆ.

ಮುಂದಿನ ಎ.ಎಫ್.ಪಿ.ಗೆ ಮುಂಚೆ ಅಣ್ಣ ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದಾನೆಯೇ ಕೇಳು. ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನು ಸುಳ್ಳಾಗಿ ಇಳಿಸುತ್ತದೆ. ಮೂರು ದಿನ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ ರಕ್ತ ಕೊಡಲಿ. ಹೆಪಟೈಟಿಸ್ ಬಿ, ಸಿ ರಿಪೋರ್ಟು ಕಟ್ಟಿನಲ್ಲಿ ಕಾಣಲಿಲ್ಲ, ಇದ್ದರೆ ಕಳಿಸು. ಇಲ್ಲದಿದ್ದರೆ ಅದೇ ದಿನ ಮಾಡಿಸು. ಬಿ ಬಂದರೆ ನೀನೂ ತಂಗಿಯೂ ಅತ್ತಿಗೆಯೂ ಟೆಸ್ಟು ಮಾಡಿಸಿಕೊಂಡು, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು.

ಇಂತಿ,
ನಿನ್ನ ಅತ್ತೆ