ಮೊದಲು ಫ್ಯಾನ್‌ಜೀನ್ ಶುರು ಮಾಡು, ಲೇಬಲ್ ಆಮೇಲೆ

ಚೇತು,

ನಿಮ್ಮಪ್ಪ ಫೋನ್ ಮಾಡಿದ್ದ. ಹುಡುಗ ಅದೇನೋ ಪಂಕ್ ಪತ್ರಿಕೆ ತರ್ತಾನಂತೆ, ಹಾಡಿನ ಕಂಪನಿನೂ ಶುರು ಮಾಡ್ತಾನಂತೆ, ನೀನಾದ್ರೂ ಬುದ್ಧಿ ಹೇಳೇ ಅಂದ. ಹೇಳುತ್ತೇನೆ, ಆದರೆ ಬೇಡ ಅಂತ ಹೇಳಲ್ಲ. ನಿಮ್ಮ ಹಾರ್ಡ್‌ಕೋರ್, ಅಂದ್ರೆ ಆ ಜೋರು, ವೇಗದ ಪಂಕ್ ರಾಕ್ ಸಂಗೀತ, ನನ್ನ ಕಿವಿಗೆ ಹಿಡಿಸಲ್ಲ, ಆ ಮಾತು ಬಿಡು. ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು ಝೆರಾಕ್ಸ್ ಮಾಡಿ, ಬೈಂಡಿಂಗ್ ಹಾಕಿ ಸಂಸಾರ ನಡೆಸಿದವಳು ನಾನು. ಕಾಗದದ ವಿಷಯ, ದುಡ್ಡಿನ ವಿಷಯ ಗೊತ್ತು.

ಎರಡನ್ನೂ ಒಟ್ಟಿಗೆ ಶುರು ಮಾಡಬೇಡ. ಫ್ಯಾನ್‌ಜೀನ್, ಅಂದ್ರೆ ಅಭಿಮಾನಿಗಳೇ ಕೈಯಾರೆ ತರುವ ಪುಟ್ಟ ಪತ್ರಿಕೆ, ಮುಳುಗಿದರೆ ನಿನ್ನ ಕಾಗದ ಹೋಯ್ತು, ಅಷ್ಟೇ. ಲೇಬಲ್, ಅಂದ್ರೆ ಹಾಡಿನ ಕಂಪನಿ, ಮುಳುಗಿದರೆ ಇನ್ನೊಬ್ಬರ ಹಾಡೂ ಅದರ ಜೊತೆ ಹೋಗುತ್ತೆ. ಅಮೆರಿಕದ ಟಚ್ ಅಂಡ್ ಗೋ ಅನ್ನೋ ಲೇಬಲ್ ಕೂಡ 1979ರಲ್ಲಿ ಮಿಶಿಗನ್‌ನಲ್ಲಿ ಫ್ಯಾನ್‌ಜೀನ್ ಆಗಿಯೇ ಹುಟ್ಟಿದ್ದು, ಲೇಬಲ್ ಆದದ್ದು ಆಮೇಲೆ. ಒಂದೆರಡು ಸಂಚಿಕೆ ತಂದು ನೋಡು. ಯಾರು ಹೇಳಿದ ದಿನಕ್ಕೆ ಬರಹ ಕೊಡುತ್ತಾರೆ, ಯಾವ ಬ್ಯಾಂಡು ಮೂರೇ ತಿಂಗಳಿಗೆ ಒಡೆಯುತ್ತೆ, ಯಾರು ಕಾಸು ಕೊಟ್ಟು ಕೊಳ್ಳುತ್ತಾರೆ, ಯಾರು ಸುಮ್ನೆ ‘ಸೂಪರ್ ಮಗಾ’ ಅಂದು ಹೋಗುತ್ತಾರೆ, ಎಲ್ಲ ಗೊತ್ತಾಗುತ್ತೆ.

ಈಗ ಕಾಗದ. ಎ4 ಹಾಳೆ ಮಡಚಿದರೆ ನಾಲ್ಕು ಪುಟ, ಹಾಗಾಗಿ ಪುಟದ ಲೆಕ್ಕ ನಾಲ್ಕರ ಮಗ್ಗಿಯಲ್ಲೇ ಇರಲಿ. 14 ಪುಟ ತಂದು ‘ಅತ್ತೆ, ಹೇಗಾದ್ರೂ ಮಾಡು’ ಅನ್ನಬೇಡ. 16 ಪುಟಕ್ಕೆ ನಾಲ್ಕು ಹಾಳೆ, ಬ್ಯಾಕ್ ಟು ಬ್ಯಾಕ್. ಎಲ್ಲಕ್ಕಿಂತ ಹೊರಗಿನ ಹಾಳೆಯಲ್ಲಿ 16 ಮತ್ತು 1 ಅಕ್ಕಪಕ್ಕ ಬರಬೇಕು, ಅದರ ಬೆನ್ನಿಗೆ 2 ಮತ್ತು 15. ತಲೆ ಕೆಡುತ್ತೆ, ಅಲ್ವಾ? ಅದಕ್ಕೇ ಮೊದಲು ಖಾಲಿ ಹಾಳೆ ಮಡಚಿ ಒಂದರೊಳಗೊಂದು ಇಟ್ಟು, ಪೆನ್ಸಿಲಿನಲ್ಲಿ ಪುಟದ ನಂಬರ್ ಹಾಕಿ, ಆಮೇಲೆ ಬಿಚ್ಚಿ ನೋಡು. ಅಂಚಿಗೆ ತಾಗಿಸಿ ಅಕ್ಷರ ಇಡಬೇಡ, ಮಷೀನ್ ನುಂಗಿಬಿಡುತ್ತೆ. ಪುಟ ಪೂರ್ತಿ ಕಪ್ಪು ಮಾಡಿ ಬಿಳಿ ಅಕ್ಷರ ಹಾಕುವ ಚಪಲ ನಿಮ್ಮವರಿಗೆ ಜಾಸ್ತಿ. ಟೋನರ್ ಸಿಕ್ಕಾಪಟ್ಟೆ ಖರ್ಚಾಗುತ್ತೆ, ಮಡಚಿದ ಕಡೆ ಕಪ್ಪು ಉದುರಿ ಬಿಳಿ ಗೆರೆ ಏಳುತ್ತೆ. ಕತ್ತಲಲ್ಲಿ ತೆಗೆದ ಶೋ ಫೋಟೋ ಹಾಗೇ ತಂದರೆ ಬರೀ ಮಸಿ ಬರುತ್ತೆ, ಬೆಳಕು ಏರಿಸಿ ತಾ. ನಡುವೆ ಪಿನ್ ಹೊಡೆಯಲು ಉದ್ದದ ಸ್ಟೇಪ್ಲರ್ ನನ್ನ ಹತ್ತಿರ ಇದೆ.

ನೀನು ಕೊಟ್ಟ ಸ್ಯಾಂಪಲ್ ಪುಟಗಳಲ್ಲಿ ಬರೀ ಅಮೆರಿಕದ ಬ್ಯಾಂಡುಗಳು, ಬ್ಯಾಡ್ ಬ್ರೇನ್ಸ್, ಮೈನರ್ ಥ್ರೆಟ್. ಅವರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಹತ್ತಿ ಮಿಲ್ಲು ಮುಚ್ಚಿದ ದಾವಣಗೆರೆಯಲ್ಲಿ ಡ್ರಮ್ ಬಾರಿಸಲು ಜಾಗ ಎಲ್ಲಿ ಸಿಗುತ್ತೆ, ಕಲ್ಯಾಣ ಮಂಟಪದವರು ನಿಮ್ಮ ಕೂದಲು ನೋಡಿಯೇ ಯಾಕೆ ಇಲ್ಲ ಅಂತಾರೆ, ರಾತ್ರಿ 10ಕ್ಕೆ ಸ್ಪೀಕರ್ ನಿಲ್ಲಿಸಬೇಕು ಅಂದ ಮೇಲೆ ಶೋ ಎಷ್ಟು ಹೊತ್ತಿಗೆ ಶುರು ಮಾಡಬೇಕು, ಇದನ್ನು ನೀನು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ? ಕನ್ನಡದಲ್ಲೇ ಬರಿ. ಜಾಹೀರಾತು ಬೇಡ ಅಂತ ಹಟ ಹಿಡಿದಿದ್ದೀಯಂತೆ, ಒಳ್ಳೆಯದೇ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತಿಲ್ಲದೇ ನಡೆಯಿತು, ನಿಮ್ಮಪ್ಪನೇ ವಾರ ವಾರ ಕಾದು ಕೊಳ್ಳುತ್ತಿದ್ದ, ಬೇಕಾದರೆ ಕೇಳು. ಆದರೆ ಹಾಗೆ ಜನ ದುಡ್ಡು ಕೊಟ್ಟು ಕೊಂಡಿದ್ದಕ್ಕೇ ಅದು ನಡೆದದ್ದು. ಹಾಗಾಗಿ ಪುಕ್ಕಟೆ ಹಂಚಬೇಡ, ಗೆಳೆಯರಿಗೂ.

ಅದೇ 1980ರಲ್ಲಿ ವಾಷಿಂಗ್ಟನ್ ಹುಡುಗರು ಡಿಸ್ಕಾರ್ಡ್ ಲೇಬಲ್ ಶುರು ಮಾಡಿದ ಕಥೆ ನೀನೇ ಕಳಿಸಿದ್ದೆ. ನನಗೆ ಇಷ್ಟವಾಗಿದ್ದು ಅವರ ಲೆಕ್ಕ. ಅವರ ಟೀನ್ ಐಡಲ್ಸ್ ಬ್ಯಾಂಡು ಒಡೆಯಿತು, ಶೋ ಮಾಡಿ ಕೂಡಿಟ್ಟ ಸುಮಾರು 600 ಡಾಲರ್ ಇತ್ತು. ಅದನ್ನು ಹಂಚಿಕೊಳ್ಳದೇ ಎಂಟು ಹಾಡಿನ ಏಳಿಂಚಿನ ರೆಕಾರ್ಡು 1,000 ಪ್ರತಿ ಮಾಡಿಸಿದರು, ಕವರ್ ಕತ್ತರಿಸಿ ಅಂಟಿಸಿದ್ದೂ ಅವರೇ. ಸಾಲ ಇಲ್ಲ. ನೀನು ವಿನೈಲ್ ರೆಕಾರ್ಡು ಅಂತ ಹೋಗಬೇಡ, ನಮ್ಮೂರಲ್ಲಿ ಅದನ್ನು ಹಾಕಿ ಕೇಳುವ ಮಷೀನ್ ಎಷ್ಟು ಮನೆಯಲ್ಲಿದೆ? 50 ಕ್ಯಾಸೆಟ್ ಮಾಡು, ಜೊತೆಗೆ ಡೌನ್‌ಲೋಡ್ ಕೋಡಿನ ಚೀಟಿ ಇಡು.

ಇನ್ನು ಕರಾರು. ಟಚ್ ಅಂಡ್ ಗೋದವರು ಬಾಯಿಮಾತಿನಲ್ಲೇ ವ್ಯವಹಾರ ಮಾಡುತ್ತಿದ್ದರು, ಖರ್ಚು ಕಳೆದು ಲಾಭ ಅರ್ಧರ್ಧ. ಕೇಳಲು ಚಂದ. ಆಮೇಲೆ ಅವರದೇ ಒಂದು ಬ್ಯಾಂಡು (ಆ ಅಸಭ್ಯ ಹೆಸರು ನಾನು ಬರೆಯಲ್ಲಪ್ಪ, ನಿನಗೆ ಗೊತ್ತು) ಹಾಡು ವಾಪಸ್ ಕೇಳಿ ಕೋರ್ಟಿಗೆ ಹೋಯಿತು, 1999ರಲ್ಲಿ ಮೇಲ್ಮನವಿಯಲ್ಲೂ ಲೇಬಲ್ ಸೋತಿತು. ಎಷ್ಟು ವರ್ಷಕ್ಕೆ ಅಂತ ಮಾತೇ ಆಗಿರಲಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಬರೆದುಕೊಡುವುದು ಕಾಗದದಲ್ಲಿ, ಸಹಿ ಸಮೇತ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಜಾಗ ಬರೆಯದಿದ್ದರೆ ಭಾರತದ ಮಟ್ಟಿಗೆ ಮಾತ್ರ. ಒಂದೇ ಹಾಳೆ ಸಾಕು. ಯಾವ ಹಾಡು, ಎಷ್ಟು ಪ್ರತಿ, ಎಷ್ಟು ವರ್ಷ, ಲಾಭ ಹೇಗೆ, ಮಾಸ್ಟರ್ (ಮೂಲ ರೆಕಾರ್ಡಿಂಗ್) ಯಾರ ಹತ್ತಿರ. ಹಕ್ಕು ಬ್ಯಾಂಡಿನವರ ಹತ್ತಿರವೇ ಇರಲಿ, ನಿನಗೆ ಕ್ಯಾಸೆಟ್ ಹಾಕಿ ಮಾರಲು ಒಪ್ಪಿಗೆ ಇದ್ದರೆ ಆಯ್ತು. ದೋಸ್ತರ ಹತ್ತಿರ ಸಹಿ ಕೇಳಲು ನಾಚಿಕೆ ಅಂತೀಯ. ನಾನೇ ಟೈಪ್ ಮಾಡಿ ಕೊಡುತ್ತೇನೆ, ‘ನಮ್ಮತ್ತೆ ಬಿಡಲ್ಲ’ ಅಂತ ನನ್ನ ಮೇಲೆ ಹಾಕು.

ಪ್ರಾಜೆಕ್ಟ್ ಸೀಸನ್ನಿನಲ್ಲಿ ಮಾತ್ರ ಬರಬೇಡ, ಉಸಿರಾಡಲೂ ಪುರುಸೊತ್ತಿರಲ್ಲ. ಭಾನುವಾರ ಮಧ್ಯಾಹ್ನ ಅಂಗಡಿ ಖಾಲಿ ಇರುತ್ತೆ. ಮೊದಲ ಸಂಚಿಕೆಗೆ ಕಾಗದ ನಿನ್ನದು, ಟೋನರ್ ನನ್ನದು. ಎರಡನೆಯದಕ್ಕೆ ಬಿಲ್ ಹಾಕುತ್ತೇನೆ. ಬರುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಾ. ತಿಂದ ಕೈ ತೊಳೆಯದೇ ಹಾಳೆ ಮುಟ್ಟುವಂತಿಲ್ಲ.

ಇಂತಿ,
ನಿನ್ನ ಅತ್ತೆ