ನಿನ್ನ ರೊಕ್ಕ ಮಿಕ್ಕಿದ ರೊಕ್ಕ ಅಲ್ಲ

ಸಪ್ತಾಪುರ, ಧಾರವಾಡ

ಚಿ. ಚಿನ್ನಿಗೆ ನಿನ್ನ ಮಾಮಾನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನಿನಗೆ ಬಡ್ತಿ ಆದ ಸುದ್ದಿ ಅಕ್ಕ ಹೇಳಿದಳು. ಭಾಳ ಖುಷಿಯಾಯಿತು. ಅದರ ಬೆನ್ನಿಗೇ ಇನ್ನೊಂದು ಮಾತೂ ಬಂತು. ನಿನ್ನ ದೊಡ್ಡಪ್ಪನ ಮಗ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದಾನಂತೆ. ಅವನ ಪಗಾರಕ್ಕೆ ಬ್ಯಾಂಕು ಅಷ್ಟು ಸಾಲ ಕೊಡುವುದಿಲ್ಲವಂತೆ. ನಿನ್ನನ್ನು ಕೋ-ಅಪ್ಲಿಕೆಂಟ್ ಮಾಡಿಕೊಳ್ಳುತ್ತೇನೆ ಅಂದಿದ್ದಾನೆ, ನೀನೂ ಹೂಂ ಅನ್ನುವ ಹಂತದಲ್ಲಿದ್ದೀ. ಫೋನಿನಲ್ಲಿ ಹೇಳಿದರೆ ಮೀಟಿಂಗ್ ಇದೆ ಅಂತ ಅರ್ಧಕ್ಕೇ ಇಡುತ್ತೀ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮದುವೆಯ ಮಾತು ಈ ಪತ್ರದಲ್ಲಿ ಇಲ್ಲ. ನಿನಗೀಗ 39. ಯೋಚಿಸಿ ಆರಿಸಿಕೊಂಡ ಬದುಕು ನಿನ್ನದು. ನನಗೆ ಅದರ ಬಗ್ಗೆ ತಕರಾರಿಲ್ಲ, ನಿನ್ನ ಅವ್ವನಿಗೂ ಇದನ್ನೇ ಹೇಳಿದ್ದೇನೆ. ನನ್ನ ಚಿಂತೆ ಬೇರೆ. 'ಅಕಿಗೇನು, ಗಂಡ ಇಲ್ಲ, ಮಕ್ಕಳಿಲ್ಲ, ಪಗಾರ ಲಕ್ಷಗಟ್ಟಲೆ, ಯಾರಿಗೆ ಕೂಡಿಡಬೇಕು' ಅನ್ನುವುದು ಬಳಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಕೇಳುತ್ತ ಕೇಳುತ್ತ ನೀನೂ ಅದನ್ನು ನಂಬತೊಡಗಿದ್ದೀ ಅನ್ನಿಸುತ್ತದೆ. ಹಾಗೆ ನಂಬಬೇಡ. ನಿನ್ನ ರೊಕ್ಕ ಮಿಕ್ಕಿದ ರೊಕ್ಕ ಅಲ್ಲ. ಮಕ್ಕಳಿರುವ ಮನೆಯಲ್ಲಿ ರಾತ್ರಿ ಎದೆನೋವು ಬಂದರೆ ಮಗನೋ ಸೊಸೆಯೋ ಗಾಡಿ ತೆಗೆಯುತ್ತಾರೆ. ಎಲ್ಲ ಮನೆಯಲ್ಲೂ ತೆಗೆಯುತ್ತಾರೆ ಅಂತಲ್ಲ, ಬೆಂಗಳೂರು, ಅಮೇರಿಕಾ ಸೇರಿದ ಮಕ್ಕಳ ಅಪ್ಪ-ಅವ್ವಂದಿರು ನಮ್ಮ ಓಣಿಯಲ್ಲೇ ಎಷ್ಟೋ ಜನ ಇದ್ದಾರೆ. ಆದರೂ ಒಂದು ಆಸರೆ ಅಂತ ಇರುತ್ತದೆ. ನಿನಗೆ ಆ ಆಸರೆಯನ್ನು ನೀನೇ ಕಟ್ಟಿಕೊಳ್ಳಬೇಕು. ಅಡುಗೆಯವಳು, ಡ್ರೈವರ್, ನರ್ಸ್, ಎಲ್ಲರಿಗೂ ಕೈಯಿಂದ ಕೊಡಬೇಕು.

ಒಂದು ಲೆಕ್ಕ ಹೇಳುತ್ತೇನೆ. ಈಗ ನಿನ್ನ ತಿಂಗಳ ಖರ್ಚು 60 ಸಾವಿರ ಅಂತ ಇಟ್ಟುಕೋ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷಕ್ಕೆ ದುಪ್ಪಟ್ಟಾಗುತ್ತವೆ. ಇದೇ ಊಟ, ಇದೇ ಬಾಡಿಗೆಗೆ ನಿನ್ನ 51ನೇ ವಯಸ್ಸಿನಲ್ಲಿ 1 ಲಕ್ಷ 20 ಸಾವಿರ ಬೇಕು. 63ಕ್ಕೆ 2 ಲಕ್ಷ 40 ಸಾವಿರ. ಅಲ್ಲಿಂದ ಮುಂದೆ ಇನ್ನೂ 20-25 ವರ್ಷ ಬದುಕಬೇಕಲ್ವಾ? ನನಗೆ ಪೆನ್ಶನ್ ಬರುತ್ತದೆ, ನಿನಗೆ ಬರುವುದಿಲ್ಲ. ನಿಮ್ಮ ಸಾಫ್ಟ್‌ವೇರ್ ಕೆಲಸ 60ರ ತನಕ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಹಾಗಾಗಿ ದೊಡ್ಡ ಪಗಾರ ಬರುವ ಈ ವರ್ಷಗಳಲ್ಲೇ, ಕೈಗೆ ಬಂದದ್ದರಲ್ಲಿ ಅರ್ಧ ಎತ್ತಿಡು. ಒಂದು ವರ್ಷದ ಖರ್ಚಿನಷ್ಟು ಬೇಕೆಂದಾಗ ತೆಗೆಯುವ ಹಾಗೆ ಬ್ಯಾಂಕಿನಲ್ಲೇ ಇರಲಿ. ಉಳಿದದ್ದನ್ನು ಪಿಪಿಎಫ್, ಮ್ಯೂಚುವಲ್ ಫಂಡ್ ಅಂತ ಹಂಚು, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಈಗ ಆ ಸಾಲದ ವಿಷಯ. ಬ್ಯಾಂಕಿನಲ್ಲಿ ಇದ್ದಷ್ಟು ಕಾಲ ನಾನು ಸಾಲದ ಕಾಗದಗಳನ್ನೇ ನೋಡಿದವನು. ಕೋ-ಅಪ್ಲಿಕೆಂಟ್ ಅಂದರೆ ಸುಮ್ನೆ ಹೆಸರಿಗೆ ಒಂದು ಸಹಿ ಅಲ್ಲ. ಸಾಲ ಪೂರ್ತಿ ನಿನ್ನದೂ ಹೌದು. ಅವನು ಕಂತು ತಪ್ಪಿಸಿದರೆ ನಿನ್ನ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವ ನಂಬಿಕೆಗೆ ಕೊಡುವ ಅಂಕ, ಬೀಳುತ್ತದೆ. ನಾಳೆ ನೀನೇ ಮನೆ ತೆಗೆದುಕೊಳ್ಳಲು ಹೋದಾಗ ಈ ಸಾಲ ನಿನ್ನ ಲೆಕ್ಕದಲ್ಲೇ ನಿಂತಿರುತ್ತದೆ. ಮನೆ ಮಾತ್ರ ಅವನ ಹೆಸರಿಗೆ! ಜಾಮೀನೂ ಅಷ್ಟೇ. ಸಾಲ ತೆಗೆದವನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ಹಾಗಿಲ್ಲ. 'ಸರ, ನಾನು ಸಹಿ ಅಷ್ಟೇ ಮಾಡಿದ್ದೆ' ಅಂತ ನೋಟಿಸ್ ಹಿಡಿದು ಬಂದವರನ್ನು ಎದುರಿಗೆ ಕೂರಿಸಿಕೊಂಡು ನಾನು ಸಮಾಧಾನ ಹೇಳಿದ್ದೇನೆ. ನನ್ನ ಅಕ್ಕನ ಮಗಳು ಹಾಗೆ ಯಾರ ಎದುರಿಗೂ ಕೂರಬಾರದು. ಅವನಿಗೆ 'ಆಗುವುದಿಲ್ಲ ಅಣ್ಣಾ' ಅಂತ ನೇರವಾಗಿ ಹೇಳು. ಮಾಮಾ ಬೇಡ ಅಂದ ಅಂತ ನನ್ನ ಹೆಸರು ಹೇಳಿದರೂ ನಡೆಯುತ್ತದೆ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ.

ಕೊಡಲೇಬೇಡ ಅಂತಲ್ಲ. ನಮ್ಮ ಮನೆತನದಲ್ಲಿ ಒಬ್ಬರು ಮೇಲೆ ಬಂದರೆ ನಾಲ್ಕು ಮಂದಿಗೆ ಆಸರೆಯಾಗುವುದು ಮೊದಲಿನಿಂದ ನಡೆದು ಬಂದದ್ದು, ಅದು ನಿಲ್ಲಬಾರದು. ಯುಗಾದಿಗೆ ಕೂತು, ಈ ವರ್ಷ ಬಂಧು-ಬಳಗಕ್ಕೆ ಇಷ್ಟು ಅಂತ ಗೊತ್ತು ಮಾಡು. ಅದು ತೀರಿದರೆ ಮುಂದಿನ ಯುಗಾದಿಗೇ ಮತ್ತೆ. ಸಾಲ ಅಂತ ಕೊಡಬೇಡ, ಕೊಟ್ಟದ್ದು ಕೊಟ್ಟ ಹಾಗೆಯೇ. ವಾಪಸ್ ಕೇಳುವ ಕೈಗಡ ಇದ್ದರೆ ಮುಂದಿನ ಲಗ್ನದಲ್ಲಿ ಅವರು ಮುಖ ತಪ್ಪಿಸಿ ಬೇರೆ ಪಂಕ್ತಿಯಲ್ಲಿ ಕೂರುತ್ತಾರೆ. ನಿನ್ನ ಅಣ್ಣನ ಮಗಳ ಫೀ ತುಂಬುತ್ತೀ ಅಂದರೆ ಕಾಲೇಜಿಗೇ ನೇರವಾಗಿ ತುಂಬು. ಆ ಹುಡುಗಿ ಚುರುಕಿದ್ದಾಳೆ, ಅವಳ ಮೇಲೆ ಖರ್ಚು ಮಾಡಿದ್ದು ಎಲ್ಲೂ ಹೋಗುವುದಿಲ್ಲ.

ಹೆಚ್ಚು ಬಡ್ಡಿ ಕೊಡುತ್ತಾರೆ ಅಂತ ಇಲ್ಲಿಯ ಸೌಹಾರ್ದ ಸಹಕಾರಿ ಸಂಘಗಳಲ್ಲಿ ರೊಕ್ಕ ಇಡು ಅಂತಲೂ ನಿನಗೆ ಹೇಳುತ್ತಿದ್ದಾರಂತೆ. ನನಗೆ ಸಹಕಾರದ ಮೇಲೆ ದೊಡ್ಡ ಗೌರವ ಇದೆ. ದೇಶದ ಮೊಟ್ಟಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಕಟ್ಟಿದ ಸಂಘ ಅದು. ಆದರೆ ಒಂದು ಮಾತು ನೆನಪಿಡು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಅದು ಇದೆ. ಪತ್ತಿನ ಸಂಘಗಳಿಗೆ, ಬ್ಯಾಂಕ್ ಅಲ್ಲದ ಸೌಹಾರ್ದಗಳಿಗೆ ಆ ವಿಮೆ ಇಲ್ಲ. ಊರಿನ ಸಂಘದಲ್ಲಿ ಶೇರು ತೆಗೆದುಕೋ, ಮಾನಕ್ಕೆ ಒಂದಷ್ಟು ಇಡು. ಮುಪ್ಪಿನ ಗಂಟನ್ನು ಅಲ್ಲಿ ಇಡಬೇಡ.

ಕಂಪನಿ ಕೊಡುವ ಆರೋಗ್ಯ ವಿಮೆಯನ್ನು ನೆಚ್ಚಿ ಕೂರಬೇಡ. ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಈಗಲೇ, ಬಿಪಿ-ಶುಗರ್ ಬರುವ ಮೊದಲೇ, ನಿನ್ನದೇ ಒಂದು ಪಾಲಿಸಿ ಮಾಡಿಸು. ಮೊದಲೇ ಇದ್ದ ರೋಗಕ್ಕೆ 3 ವರ್ಷದ ತನಕ ಕಾಯಿಸಬಹುದು, ಆ ಕಾಯುವ ಕಾಲ ಈಗಲೇ ಕಳೆದುಹೋಗಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಜೀವವಿಮೆ ಮಾತ್ರ, ಅಪ್ಪ-ಅವ್ವ ನಿನ್ನ ದುಡಿಮೆಯ ಮೇಲೆ ಇರುವಷ್ಟು ವರ್ಷಕ್ಕೆ ಒಂದು ಟರ್ಮ್ ಪಾಲಿಸಿ, ಅಂದರೆ ಆ ಅವಧಿಯಲ್ಲಿ ತೀರಿಕೊಂಡರೆ ಮಾತ್ರ ರೊಕ್ಕ ಬರುವಂಥದ್ದು, ಸಾಕು. ಬಳಗದ ಏಜೆಂಟರು ಬೇಜಾರಾಗುತ್ತಾರೆ ಅಂತ ಇನ್ನೊಂದು ಮಾಡಿಸಬೇಡ.

ಈಗ ಬರೆಯುವುದನ್ನು ಎರಡು ಸಲ ಓದು. ನಾನು ಗದಗಿನ ಬ್ರಾಂಚಿನಲ್ಲಿದ್ದಾಗ ಬೆಟಗೇರಿಯ ಒಬ್ಬ ನಿವೃತ್ತ ಮಾಸ್ತರಬಾಯಿ ನಮ್ಮ ಗ್ರಾಹಕರು. ಮದುವೆ ಆಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡದ್ದು ಪಕ್ಕದ ಮನೆಯ ಹುಡುಗಿ. ಪೆನ್ಶನ್ ದಿನ ಕೈ ಹಿಡಿದು ಕರೆತರುತ್ತಿದ್ದಳು, ಆಟೋದಿಂದ ಇಳಿಸಿ ಬೆಂಚಿನ ಮೇಲೆ ಕೂರಿಸಿ ತಾನೇ ಚೀಟಿ ತುಂಬುತ್ತಿದ್ದಳು. 'ನನ್ನದೆಲ್ಲ ಇವಳಿಗೇ' ಅಂತ ಆ ಮಾಸ್ತರಬಾಯಿ ಎಲ್ಲರ ಎದುರಿಗೂ ಹೇಳುತ್ತಿದ್ದರು. ಹೇಳಿದರೇ ಹೊರತು ಎಲ್ಲೂ ಬರೆಯಲಿಲ್ಲ. ಎಫ್‌ಡಿಗಳಿಗೆ ನಾಮಿನಿ ಅಂತ ಇದ್ದದ್ದು ಎಂದೋ ತೀರಿಹೋದ ಅವರ ತಾಯಿಯ ಹೆಸರು. ಅವರು ಹೋದ ಮೇಲೆ ಅಣ್ಣತಮ್ಮಂದಿರ ಮಕ್ಕಳು ವಾರಸಾ ಕಾಗದ ತಂದರು. ಕಾನೂನಿನ ಪ್ರಕಾರ ಅವರಿಗೇ ಹೋಯಿತು. ಆಮೇಲೆ ಒಂದು ದಿನ ಆ ಹುಡುಗಿ ಬಂದಳು. ಕೈಯಲ್ಲಿ ಒಂದು ಚೀಲ. ದವಾಖಾನೆಯ ರಸೀತಿಗಳು, ರಬ್ಬರ್ ಬ್ಯಾಂಡ್ ಹಾಕಿದ ಗುಳಿಗೆ ಚೀಟಿಗಳು, ತಾನು ಕೊಟ್ಟ ಆಟೋ ಬಾಡಿಗೆ ಬರೆದಿಟ್ಟ ಒಂದು ನೋಟ್‌ಬುಕ್. ಎಲ್ಲ ಟೇಬಲ್ ಮೇಲೆ ಇಟ್ಟು ಸುಮ್ಮನೆ ನಿಂತಳು. ಅವಳಿಗೆ ಕೊಡಲು ಕಾನೂನಿನಲ್ಲಿ ಜಾಗವೇ ಇರಲಿಲ್ಲ.

ನಿನಗೆ ಅನ್ವಯಿಸುವ ಕಾನೂನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಏನೂ ಬರೆಯದೆ ಹೋದರೆ ನಿನ್ನ ದುಡಿಮೆಯ ಆಸ್ತಿ ಅಪ್ಪ-ಅವ್ವ ಇಬ್ಬರಿಗೆ. ಅವರಿಲ್ಲದಿದ್ದರೆ ನಿನ್ನ ಅಪ್ಪನ ವಾರಸುದಾರರಿಗೆ. ತಾಯಿಯ ಕಡೆಯವರು ಅವರಾದ ಮೇಲೆ. ನನಗೆ, ನನ್ನ ಮಕ್ಕಳಿಗೆ ಏನೂ ಬರೆಯಬೇಡ, ಅದಕ್ಕಾಗಿ ಈ ಮಾತು ಹೇಳುತ್ತಿಲ್ಲ. ನಾಳೆ ಮನಸ್ಸು ಬದಲಾಗಿ ಮದುವೆಯಾದರೂ ಈ ವಿಷಯ ಮರೆಯಬೇಡ. ಮಕ್ಕಳಿಲ್ಲದ ವಿವಾಹಿತೆಗೆ ಗಂಡನೂ ಇಲ್ಲದಿದ್ದರೆ, ಅವಳೇ ದುಡಿದ ಆಸ್ತಿ ಗಂಡನ ವಾರಸುದಾರರಿಗೆ ಮೊದಲು ಹೋಗುತ್ತದೆ, ಹೆತ್ತವರಿಗೆ ಆಮೇಲೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಸದ್ಯ ಇರುವ ಕಾನೂನು ಇದೇ.

ನಾಮಿನಿ ಹಾಕಿದರೆ ಮುಗಿಯಿತು ಅಂತ ಬಹಳ ಮಂದಿ ತಿಳಿದಿದ್ದಾರೆ. ಬ್ಯಾಂಕು ನಾಮಿನಿಗೆ ರೊಕ್ಕ ಕೊಡುವುದು ನಿಜ, ಆದರೆ ವಾರಸುದಾರರ ಪರವಾಗಿ ತೆಗೆದುಕೊಳ್ಳುವ ಕೈ ಅಷ್ಟೇ ಅದು. ಒಡೆತನ ಯಾರಿಗೆ ಅನ್ನುವುದನ್ನು ಮೃತ್ಯುಪತ್ರ ಹೇಳಬೇಕು. ಎರಡೂ ಇರಲಿ, ಎರಡರಲ್ಲೂ ಅದೇ ಹೆಸರುಗಳಿರಲಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಯಾರಿಗೆ ನೂರಕ್ಕೆ ಎಷ್ಟು ಅಂತಲೂ ಬರೆಯಬಹುದು. ಅಪ್ಪ-ಅವ್ವನ ಹೆಸರು ಮಾತ್ರ ಹಾಕಿ ಬಿಟ್ಟಿದ್ದರೆ ಅವರಿಗಿಂತ ಚಿಕ್ಕವರ ಹೆಸರನ್ನೂ ಸೇರಿಸು.

ಇನ್ನೊಂದು ಕಾಗದವೂ ಬೇಕು. ವಾಸಿಯಾಗದ ಸ್ಥಿತಿಗೆ ಬಂದು, ಮಾತಾಡಲೂ ಆಗದೆ ಮಲಗಿದರೆ ವೆಂಟಿಲೇಟರ್ ಬೇಕೇ ಬೇಡವೇ, ಡಾಕ್ಟರು ಯಾರನ್ನು ಕೇಳಬೇಕು ಅನ್ನುವುದನ್ನು ಮೊದಲೇ ಬರೆದಿಡಬಹುದು. ಲಿವಿಂಗ್ ವಿಲ್ ಅನ್ನುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸುಲಭ ಮಾಡಿತು. ಇಬ್ಬರು ಸಾಕ್ಷಿ ಇದ್ದು, ನೋಟರಿಯೋ ಗೆಜೆಟೆಡ್ ಅಧಿಕಾರಿಯೋ ದೃಢೀಕರಿಸಿದರೆ ಸಾಕು. ನಮ್ಮ ರಾಜ್ಯ ಸರಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಗಂಡ-ಮಕ್ಕಳಿದ್ದರೆ ಡಾಕ್ಟರು ಅವರ ಮುಖ ನೋಡುತ್ತಾರೆ. ನಿನ್ನ ವಿಷಯದಲ್ಲಿ ಯಾರ ಮುಖ ನೋಡಬೇಕು ಅಂತ ನೀನೇ ಹೇಳಿಡಬೇಕು. ನಿನ್ನ ಆ ಗೆಳತಿ ಇದ್ದಾಳಲ್ಲ, ಅಪ್ಪನ ಆಪರೇಶನ್ ಆದಾಗ ಸತ್ತೂರಿನ ಆಸ್ಪತ್ರೆಯಲ್ಲಿ ಎರಡು ರಾತ್ರಿ ಕೂತವಳು. ಅವಳ ಹೆಸರು ಬರೆ. ಅವಳ ಜತೆ ಇನ್ನೊಬ್ಬರದೂ ಇರಲಿ. ಆದರೆ ಬರೆಯುವ ಮೊದಲು ಅವಳನ್ನು ಕೇಳು, ಕೂತು ಮಾತಾಡು.

ಇಂಥ ಮಂದಿಯನ್ನು ರೊಕ್ಕ ಕೊಟ್ಟು ತರಲಾಗುವುದಿಲ್ಲ, ಚಿನ್ನಿ. ವರ್ಷಕ್ಕೊಮ್ಮೆ ಗೂಗಲ್ ಪೇನಲ್ಲಿ ಮುಯ್ಯಿ ಕಳಿಸಿದರೆ ಸಂಬಂಧ ಉಳಿಯುವುದಿಲ್ಲ. ಸೀಮಂತ, ತೊಟ್ಟಿಲು, ಗೃಹಪ್ರವೇಶ ಅಂದರೆ ಬಾ. ಈಗ ಬೆಂಗಳೂರಿನಿಂದ ವಂದೇ ಭಾರತ್ ರೈಲಿದೆ, ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಧಾರವಾಡ. ಮಕ್ಕಳ ಜತೆ ಕೂತು ಊಟ ಮಾಡು. ನಿನಗೋಸ್ಕರವೂ ಖರ್ಚು ಮಾಡು. ಒಳ್ಳೆ ಹಾಸಿಗೆ, ಕೈತುಂಬ ಪುಸ್ತಕ, ಮನಸ್ಸಿಗೆ ಬಂದ ಊರು. ಇಷ್ಟೆಲ್ಲ ಉಳಿಸು ಅಂದಿದ್ದು ನೀನು ಉಪವಾಸ ಇರಲಿ ಅಂತಲ್ಲ. ಮುಂದೆ ಧಾರವಾಡದಲ್ಲೇ ಇರಬೇಕು ಅನ್ನಿಸಿದರೆ ಕಂಡ ಕಂಡಲ್ಲಿ ಪ್ಲಾಟ್ ಹಿಡಿಯಬೇಡ. ಆಸ್ಪತ್ರೆ, ಬಸ್ಸು ಹತ್ತಿರ ಇರುವ, ಮೆಟ್ಟಿಲು ಹತ್ತದೆ ಒಳಗೆ ಹೋಗುವಂಥ ಒಂದೇ ಮನೆ ಸಾಕು.

ದೀಪಾವಳಿಗೆ ಬರುತ್ತೀ ಅಂತ ಅಕ್ಕ ಹೇಳಿದಳು. ಒಂದು ದಿನ ಮೊದಲೇ, ಕಚೇರಿ ತೆರೆದಿರುವಾಗ ಬಾ. ಎಫ್‌ಡಿ ರಸೀತಿ, ಪಾಲಿಸಿ, ಡಿಮ್ಯಾಟ್ ಕಾಗದ ಎಲ್ಲ ಒಂದು ಫೈಲಿನಲ್ಲಿ ತಾ. ಮೃತ್ಯುಪತ್ರಕ್ಕೆ ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯ ಅಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿಬಿಡೋಣ. ಸಾಕ್ಷಿಗೆ ಇಬ್ಬರು ಬೇಕು, ಇಬ್ಬರೂ ನೀನು ಸಹಿ ಮಾಡುವುದನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು. ನಾನು ಸಾಕ್ಷಿ ಆಗುವುದಿಲ್ಲ. ಮುಂದೆ ಯಾರಾದರೂ ತಕರಾರು ತೆಗೆದರೆ ಸಾಕ್ಷಿಯೇ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ, ಅಷ್ಟೊತ್ತಿಗೆ ನಾನು ಇರುವುದಿಲ್ಲ. ನಿನಗಿಂತ ಚಿಕ್ಕವರು, ಪಾಲು ಬರದವರು, ಅಂಥ ಇಬ್ಬರನ್ನು ಈಗಿಂದಲೇ ನೋಡಿಡು. ಸಿಗದಿದ್ದರೆ ಫೋನ್ ಮಾಡು, ನಾನು ಹುಡುಕುತ್ತೇನೆ.

ನಿನ್ನ ಮಾಮಾ